ಒಳಕೋಣೆ, ಬೆಂಚು, ಅಂಗಳ

ನಿವೃತ್ತಿಯ ನಂತರ ಮಗಳ ಮನೆಗೆಂದು ದುಬೈಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಕರಾಮಾ ಎಂಬ ಬಡಾವಣೆಯಲ್ಲಿ ಅವನ ವಾಸ. "ಸರ್, ಇಲ್ಲಿ ನಮ್ಮ ಊರಿನ ಊಟದ ಹೋಟೆಲುಗಳು ಬೇಕಾದಷ್ಟಿವೆ. ಅವು ನಿಮಗೆ ಹೊಸತಲ್ಲ. ಇವತ್ತು ಬೇರೆ ಕಡೆ ಹೋಗೋಣ" ಎಂದು ಅವನಿದ್ದ ಕಟ್ಟಡದ ಕೆಳಗಿನ ಒಂದು ಸಣ್ಣ ಫಿಲಿಪ್ಪೀನೋ ಹೋಟೆಲಿಗೆ ಕರೆದುಕೊಂಡು ಹೋದ. ಏಳೆಂಟು ಮೇಜುಗಳು, ಗಾಜಿನ ಪೆಟ್ಟಿಗೆಯೊಳಗೆ ತಟ್ಟೆ ತಟ್ಟೆಯಾಗಿ ಪಲ್ಯ, ಸಾರು, ಮೀನು. ಮೆನು ಓದಬೇಕಾದ ಕಷ್ಟವಿಲ್ಲ. ಬೇಕಾದುದನ್ನು ಬೆರಳು ಮಾಡಿ ತೋರಿಸಿದರಾಯಿತು. ಇಂತಹ ಹೋಟೆಲುಗಳಿಗೆ ಅವರ ಭಾಷೆಯಲ್ಲಿ 'ತುರೋ-ತುರೋ' ಎಂದು ಹೆಸರು. ತುರೋ ಎಂದರೆ ತೋರಿಸು ಎಂದರ್ಥವಂತೆ.

ಗಿರಾಕಿಗಳೆಲ್ಲ ಬಡಿಸುವ ಹೆಂಗಸನ್ನು 'ಆತೆ, ಆತೆ' ಎಂದು ಕರೆಯುತ್ತಿದ್ದರು. ನನ್ನ ಕಿವಿಗೆ ಅದು 'ಅತ್ತೆ' ಎಂದು ಕೇಳಿಸಿತು. ಇಷ್ಟು ಚಿಕ್ಕ ಪ್ರಾಯದ ಹೆಂಗಸು ಎಲ್ಲರಿಗೂ ಅತ್ತೆಯಾದದ್ದು ಹೇಗೆಂದು ಆಶ್ಚರ್ಯಪಟ್ಟೆ. ಆತೆ ಎಂದರೆ ಅಕ್ಕ ಎಂದು ಶಿಷ್ಯ ನಗುತ್ತಾ ವಿವರಿಸಿದ. ನಾನು ಮೀನು ತಿನ್ನುವ ಮನೆಯವನು. ಅನ್ನದೊಂದಿಗೆ 'ಸಿನಿಗಾಂಗ್' ಎಂಬ ಹುಳಿಸಾರು ತೆಗೆದುಕೊಂಡೆವು. ಅದಕ್ಕೆ ಹುಣಸೆಯ ಹುಳಿ ಹಾಕುತ್ತಾರೆ, ಇಲ್ಲವೆಂದರೆ ನಮ್ಮ ಹಿತ್ತಿಲಿನ ಬಿಂಬುಳಿಯನ್ನೇ ಹಾಕುತ್ತಾರೆ. ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ 'ಸುಮನ್' ಎಂಬ ಅಕ್ಕಿಯ ತಿಂಡಿಯನ್ನು ಬಿಚ್ಚುವಾಗ ನನಗೆ ನಮ್ಮ ಮನೆಯ ಮೂಡೆ, ಕೊಟ್ಟಿಗೆಗಳೇ ನೆನಪಾದವು. ಬದಿಗೆ ಬಡಿಸಿದ ಪಪ್ಪಾಯಿಕಾಯಿಯ ಉಪ್ಪಿನಕಾಯಿಯ ಹೆಸರು 'ಅತ್ಸಾರಾ'. ಅದು ನಮ್ಮ ದೇಶದ 'ಅಚಾರ್' ಕಡಲು ದಾಟಿ ಹೋಗಿ ಪಡೆದ ರೂಪ.

ಇವರು ನನ್ನ ಮಾಷ್ಟ್ರು ಎಂದು ಶಿಷ್ಯ ಆ ಅಕ್ಕನಿಗೆ ಹೇಳಿದಾಗ ಅವಳು ತಲೆಬಾಗಿ 'ಗುರೋ' ಎಂದಳು. ಟ್ಯಾಗಲಾಗ್ ಭಾಷೆಯಲ್ಲಿ ಶಿಕ್ಷಕನಿಗೆ ಅದೇ ಪದ. ಸಂಸ್ಕೃತದ ಗುರುವೇ ಮಲಯ ಭಾಷೆಯ ಮೂಲಕ ಅಲ್ಲಿಗೆ ತಲುಪಿದ್ದಾನೆ. ಮುಖಕ್ಕೆ ಅವರಲ್ಲಿ 'ಮುಖಾ', ಆಶೆಗೆ 'ಆಸಾ'. 'ದುಖಾ' ಎಂದರೆ ಮಾತ್ರ ದುಃಖವಲ್ಲ, ಬಡವ.

ನಲವತ್ತೆರಡು ರೂಪಾಯಿಗೆ ಸಮನಾದ ಹಣಕ್ಕೆ ನಮ್ಮೂರಲ್ಲಿ ಏನು ಸಿಗುತ್ತದೆ ಎಂದೆಲ್ಲ ಹರಟುತ್ತಾ ಊಟ ಮುಗಿಸುವಾಗ ನನ್ನ ಶಿಷ್ಯ ಏನೋ ನೆನಪಾಗಿ ಒಂದು ಮಾತು ಹೇಳಿದ. "ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡಿದ್ದಾಗ ಇದೇ ಹೋಟೆಲಿಗೆ ಕರೆತಂದಿದ್ದೆ ಸರ್. ಒಳಗೆ ಎಷ್ಟು ಮೇಜು ಖಾಲಿಯಿದ್ದರೂ ಅವರು ಬಾಗಿಲ ಪಕ್ಕದಲ್ಲಿಯೇ ಕೂರುತ್ತಾರೆ. ಊರಿನಲ್ಲಿಯೂ ಹಾಗೆಯೇ. ಯಾಕೆಂದು ಕೇಳಿದರೆ ಅಲ್ಲಿ ಗಾಳಿ ಬರುತ್ತದೆ ಎನ್ನುತ್ತಾರೆ."

ನಾನು ಏನೂ ಹೇಳಲಿಲ್ಲ. ಅವನ ತಂದೆ ಕೊಕ್ಕಡದ ಶಾಲೆಯಲ್ಲಿ ನನ್ನ ಸಹಪಾಠಿ. ಅವರು ಬಾಗಿಲ ಪಕ್ಕದಲ್ಲಿ ಕೂರುವುದೇಕೆ ಎಂಬುದು ನನಗೆ ಗೊತ್ತಿತ್ತು. ಆ ದಿನ ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚರಿತ್ರೆಯ ಮಾತು. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಆ ಚಟ ಬಿಡುವುದಿಲ್ಲ. ನನ್ನ ವಿದ್ಯಾರ್ಥಿಗಳಾದ ನೀವು ಮೊದಲಿನಂತೆಯೇ ಸಹಿಸಿಕೊಳ್ಳಬೇಕು.

ದುಬೈಯ ಬೀದಿಯಲ್ಲಿ ಫಿಲಿಪ್ಪೀನೋ ಹೋಟೆಲು ಏಕಿದೆ? ಅಲ್ಲಿ ಫಿಲಿಪ್ಪೀನಿನ ದುಡಿಯುವ ಜನ ಇರುವುದರಿಂದ. ಆ ದೇಶ 1565ರಿಂದ 1898ರವರೆಗೆ ಸ್ಪೇನಿನ ಕೈಯಲ್ಲಿತ್ತು. ಅನಂತರ 1946ರವರೆಗೆ ಅಮೆರಿಕದವರದು. 1901ರಲ್ಲಿ 'ಥಾಮಸ್' ಎಂಬ ಹಡಗಿನಲ್ಲಿ ನೂರಾರು ಅಮೆರಿಕನ್ ಶಿಕ್ಷಕರು ಮನಿಲಾದಲ್ಲಿ ಬಂದಿಳಿದು ಇಂಗ್ಲಿಷ್ ಶಾಲೆಗಳನ್ನು ನಡೆಸಿದರು. ಹಾಗೆ ಕಲಿತ ಇಂಗ್ಲಿಷು ಮುಂದೆ ಹೊರದೇಶದ ಅನ್ನಕ್ಕೆ ದಾರಿಯಾಯಿತು. 1974ರಲ್ಲಿ ಮಾರ್ಕೋಸ್ ಸರಕಾರ ತಂದ ಕಾರ್ಮಿಕ ಸಂಹಿತೆಯು ತನ್ನ ಪ್ರಜೆಗಳನ್ನು ಹೊರದೇಶದ ಕೆಲಸಕ್ಕೆ ಕಳುಹಿಸುವುದನ್ನು ಸರಕಾರದ ಕಾರ್ಯಕ್ರಮವನ್ನಾಗಿಯೇ ಮಾಡಿತು. ಎಣ್ಣೆಯ ಬೆಲೆ ಏರಿ ಕೊಲ್ಲಿಯ ದೇಶಗಳಲ್ಲಿ ಕೆಲಸ ಹುಟ್ಟಿಕೊಂಡ ಕಾಲವೂ ಅದೇ. ಜನ ಹೋದಲ್ಲಿಗೆ ನಾಲಗೆಯೂ ಹೋಗುತ್ತದೆ, ನಾಲಗೆ ಹೋದಲ್ಲಿಗೆ ಒಲೆ ಹೋಗುತ್ತದೆ.

ಇದು ನಮಗೆ ಹೊಸ ಕಥೆಯಲ್ಲ. ನಮ್ಮ ಜಿಲ್ಲೆ ಇದೇ ಕಥೆಯನ್ನು ಅವರಿಗಿಂತ ಅರ್ಧ ಶತಮಾನ ಮೊದಲೇ ಬರೆದಿತ್ತು. 1923ರ ದೊಡ್ಡ ನೆರೆಯನ್ನು ನಮ್ಮ ಅಜ್ಜಂದಿರು 'ಮಾರಿಬೊಳ್ಳ' ಎಂದು ಕರೆಯುತ್ತಿದ್ದರು. ಆ ಕಾಲದ ಬಡತನದಲ್ಲಿ ಊರು ಬಿಟ್ಟ ಹುಡುಗರು ಮದ್ರಾಸು, ಮುಂಬಯಿ, ಬೆಂಗಳೂರು, ಮೈಸೂರುಗಳ ಹೋಟೆಲು ಸೇರಿದರು. ಮೂಡುಬಿದಿರೆಯ ಕಡೆಯ ಕಡಂದಲೆಯಲ್ಲಿ ಹುಟ್ಟಿದ ಕೃಷ್ಣರಾಯರು ಪಾತ್ರೆ ತೊಳೆಯುವುದರಿಂದ ಆರಂಭಿಸಿ, 1920ರ ದಶಕದಲ್ಲಿ ಮದ್ರಾಸು ಸೇರಿ, ಮುಂದೆ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದರು. ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿ, ಮನೆ ಬಿಟ್ಟು ಬಂದ ದಕ್ಷಿಣದವರಿಗೆ ಬಾಳೆಯೆಲೆಯ ಊಟ ಬಡಿಸಿದರು. ಹಗಲು ಮೇಜು ಒರೆಸಿ ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಜಿಲ್ಲೆಯ ಹೋಟೆಲು ಮಾಣಿಗಳಿಗೆ ಲೆಕ್ಕವಿಲ್ಲ.

ಈ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದುದೇ. ಆದರೆ ಅದರ ಒಂದು ಪುಟವನ್ನು ಮಗುಚಿ ಮುಂದೆ ಹೋಗುತ್ತೇವೆ. ಮಾವಳ್ಳಿಯ ಆ ಹೋಟೆಲಿಗೆ 1924ರಲ್ಲಿ ಇಟ್ಟ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್'. ಆ ಕಾಲದಲ್ಲಿ ಅದೊಂದು ವಿಶೇಷವಲ್ಲ. ಅಂತಹ ಫಲಕಗಳು ದಕ್ಷಿಣ ಭಾರತದ ಊರೂರಿನಲ್ಲಿದ್ದವು. ಮದ್ರಾಸಿನಲ್ಲಿ ಪೆರಿಯಾರರ ಅನುಯಾಯಿಗಳು 1957ರಲ್ಲಿಯೂ ಹೋಟೆಲಿನ ಫಲಕದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಸಲು ಚಳವಳಿ ಮಾಡಬೇಕಾಯಿತು. ಹೋಟೆಲು ಎಂದರೆ ಹಣ ಕೊಟ್ಟ ಯಾರಿಗೂ ಅನ್ನ ಸಿಗುವ ಜಾಗ. ನಮ್ಮಲ್ಲಿ ಅದು ಹಾಗೆ ಹುಟ್ಟಲಿಲ್ಲ.

ಹಿಂದೆ ನಮ್ಮ ಕಡೆ ದಾರಿಹೋಕರು ಅವಲಕ್ಕಿಯ ಗಂಟು ಕಟ್ಟಿಕೊಂಡು ಹೊರಡುತ್ತಿದ್ದರು. ರಾತ್ರಿಯಾದರೆ ತಮ್ಮ ಜಾತಿಯವರ ಮನೆ, ಇಲ್ಲವೆಂದರೆ ದೇವಸ್ಥಾನದ ಜಗಲಿ. ಯಾರ ಕೈಯ ಅನ್ನವನ್ನು ಯಾರು ಉಣ್ಣಬಹುದು ಎಂಬುದು ಹೊರಡುವ ಮೊದಲೇ ನಿರ್ಧಾರವಾಗಿರುತ್ತಿತ್ತು. ಬಸ್ಸು ಬಂದಾಗ ಇದು ಸಡಿಲಾಯಿತು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಮುಂದಿನ ದಶಕಗಳಲ್ಲಿ ಮೋಟಾರುಗಳು ಹಳ್ಳಿಹಳ್ಳಿಯ ಮಣ್ಣಿನ ರಸ್ತೆಗಳಿಗೂ ಇಳಿದವು. ಬಸ್ಸು ನಿಲ್ಲುವಲ್ಲಿ ಚಾದ ಹೋಟೆಲು ಎದ್ದಿತು. ಕೊಕ್ಕಡದಲ್ಲಿಯೂ ಹಾಗೆಯೇ. ವೈದ್ಯನಾಥೇಶ್ವರನ ಸನ್ನಿಧಿಗೆ ಬರುವವರು, ಮಾಡಿಲ್ಲದೆ ಬಯಲಿನಲ್ಲಿ ಕುಳಿತ ಸೌತಡ್ಕದ ಗಣಪತಿಗೆ ಹರಕೆ ಹೊತ್ತವರು, ಧರ್ಮಸ್ಥಳದ ದಾರಿ ಹಿಡಿದವರು, ಅಡಿಕೆಯ ಚೀಲ ಹೊತ್ತವರು, ಎಲ್ಲರಿಗೂ ಹಸಿವೆಯಂತೂ ಒಂದೇ.

ನನ್ನ ಬಾಲ್ಯದ ಆ ಹೋಟೆಲಿನ ಹೆಸರನ್ನು ಹೇಳುವುದಿಲ್ಲ. ನಡೆಸುತ್ತಿದ್ದವರು ಕೆಟ್ಟವರಲ್ಲ, ಆ ಕಾಲದ ಎಲ್ಲರಂತೆ ಇದ್ದವರು. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಹೊಗೆಯಿಂದ ಕಪ್ಪಾದ ಪಕಾಸುಗಳು. ಗಾಜಿನ ಕಪಾಟಿನಲ್ಲಿ ಬನ್ಸು, ಗೋಳಿಬಜೆ. ಬೆಳಿಗ್ಗೆ ಹೋದರೆ ಸಜ್ಜಿಗೆ ಮತ್ತು ಒಗ್ಗರಣೆಯ ಅವಲಕ್ಕಿ ಒಂದೇ ಎಲೆಯಲ್ಲಿ. 1960ರ ದಶಕದ ಕೊನೆಯ ಮಾತಿದು. ಅಪ್ಪನೊಂದಿಗೆ ಅಲ್ಲಿಗೆ ಹೋಗುವ ದಿನ ನನಗೆ ಹಬ್ಬ.

ಆ ಹೋಟೆಲಿನಲ್ಲಿ ಮೂರು ಜಾಗಗಳಿದ್ದವು. ಒಳಕೋಣೆ ಬ್ರಾಹ್ಮಣರಿಗೆ. ಅಲ್ಲಿ ಮಣೆ, ಬಾಳೆಯೆಲೆ, ಕಂಚಿನ ಲೋಟ. ಹೊರಗಿನ ಹಲಗೆಯ ಬೆಂಚು ನಮ್ಮಂತಹವರಿಗೆ. ಅಲ್ಲಿ ಗಾಜಿನ ಗ್ಲಾಸು. ಮೂರನೆಯದು ಅಂಗಳ. ಅಂಗಳದವರಿಗೆ ಬೆಂಚೂ ಇಲ್ಲ, ಮಾಡೂ ಇಲ್ಲ. ಅವರ ಗ್ಲಾಸುಗಳು ಮಡಲಿನ ತಟ್ಟಿಯ ಸಂದಿನಲ್ಲಿ ಇರುತ್ತಿದ್ದವು. ತಾವೇ ತೆಗೆದುಕೊಂಡು, ಮಾಣಿ ಮೇಲಿನಿಂದ ಹೊಯ್ದ ಚಾ ಕುಡಿದು, ತೊಳೆದು ಅಲ್ಲಿಯೇ ಸಿಕ್ಕಿಸಿ ಹೋಗಬೇಕು.

ನನ್ನ ಅಪ್ಪನಿಗೆ ಒಳಕೋಣೆಯ ಬಗ್ಗೆ ಸಿಟ್ಟಿತ್ತು. "ನಮ್ಮ ದುಡ್ಡಿಗೆ ಮೈಲಿಗೆಯಿಲ್ಲ, ನಮಗೆ ಮಾತ್ರ" ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಆ ಸಿಟ್ಟನ್ನು ನಾನು ಅವರಿಂದ ಕಲಿತೆ. ಆದರೆ ಅದೇ ಬೆಂಚಿನ ಮೇಲೆ ಕುಳಿತು, ಬನ್ಸು ತಿನ್ನುತ್ತಾ, ಅಂಗಳದಲ್ಲಿ ತನ್ನ ತಂದೆಯೊಂದಿಗೆ ನಿಂತಿದ್ದ ನನ್ನ ಸಹಪಾಠಿಯನ್ನು ನೋಡುವಾಗ ನಮಗೆ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಶಾಲೆಯಲ್ಲಿ ಅವನು ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ. ಮಗ್ಗಿ ತಪ್ಪಿದರೆ ನನಗೆ ಮೆಲ್ಲನೆ ಹೇಳಿಕೊಡುತ್ತಿದ್ದ. ಹೋಟೆಲಿನ ಎದುರು ಕಂಡಾಗ ಅವನು ಬೇರೆ ಕಡೆ ನೋಡುತ್ತಿದ್ದ, ನಾನೂ ಬೇರೆ ಕಡೆ ನೋಡುತ್ತಿದ್ದೆ. ಮನುಷ್ಯನಿಗೆ ತನ್ನ ಮೇಲಿನ ಮೆಟ್ಟಿಲು ಕಾಣುವಷ್ಟು ಸುಲಭವಾಗಿ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ.

ಆಗ ಕಾನೂನು ಇರಲಿಲ್ಲವೇ? ಇತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೆಯ ವಿಧಿಯ ಎರಡನೆಯ ಖಂಡ, ಅಂಗಡಿ, ಉಪಾಹಾರ ಗೃಹ, ಹೋಟೆಲುಗಳಿಗೆ ಪ್ರವೇಶಿಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಹೆಸರಿಸಿಯೇ ಹೇಳಿತು. ದೇಶವೊಂದರ ಮೂಲ ಶಾಸನದಲ್ಲಿ ಚಾದ ಹೋಟೆಲಿನ ಹೆಸರು ಬರಬೇಕಾಯಿತೆಂದರೆ ಆ ಹೋಟೆಲಿನ ಮುಂದೆ ಎಷ್ಟು ಜನ ನಿಂತಿದ್ದಿರಬೇಕು! 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ, 'ಅಂಗಡಿ' ಎಂಬ ಪದವನ್ನು ವಿಶಾಲವಾದ ಅರ್ಥದಲ್ಲಿ ಬಳಸಲಾಗಿದೆ, ಕ್ಷೌರದ ಅಂಗಡಿ, ಅಗಸರ ಅಂಗಡಿಗಳೂ ಅದರಲ್ಲಿ ಸೇರುತ್ತವೆ ಎಂದು ಡಾ. ಅಂಬೇಡ್ಕರರು ಸ್ಪಷ್ಟಪಡಿಸಿದ್ದರು. 1955ರ ಜೂನ್ 1ರಂದು ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಗೆ ಬಂತು. ನಮ್ಮ ಜಿಲ್ಲೆ ಆಗಿನ್ನೂ ಮದ್ರಾಸು ರಾಜ್ಯದಲ್ಲಿತ್ತು. ಹೋಟೆಲಿನಲ್ಲಿ ಸಾರ್ವಜನಿಕರ ಬಳಕೆಗಿಟ್ಟ ಪಾತ್ರೆಯನ್ನು ಬಳಸಲು ಬಿಡದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು ಅದರಲ್ಲಿತ್ತು. ತಟ್ಟಿಯ ಸಂದಿನಲ್ಲಿ ನಾನು ನೋಡಿದ ಗ್ಲಾಸು ಹೀಗೆ ಹತ್ತು ಹದಿನೈದು ವರ್ಷಗಳಿಂದ ಅಪರಾಧವಾಗಿಯೇ ಅಲ್ಲಿ ಇತ್ತು. ಅದನ್ನು ಹಾಗೆಂದು ಕರೆದವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ನಮ್ಮ ಜಿಲ್ಲೆ ಈ ವಿಷಯದಲ್ಲಿ ತೀರ ಕುರುಡಾಗಿತ್ತೆಂದಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿಯೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರಕ್ಕೆ ಒಳಗಾಗಿದ್ದರು. ಹಾಗಿದ್ದೂ, 'ಅಜಲು' ಎಂಬ ಹೆಸರಿನಲ್ಲಿ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಡುವ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ಆ ವರ್ಷ ನಾನು ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದೆ.

ಈಗ ನನ್ನ ಮಾತಿಗೆ ಬರುತ್ತೇನೆ. 15ನೆಯ ವಿಧಿ, 17ನೆಯ ವಿಧಿಗಳನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿರಬಹುದು! ಎರಡು ಅಂಕದ ಪ್ರಶ್ನೆ ಬರುತ್ತದೆ, ಬಾಯಿಪಾಠ ಮಾಡಿ ಎಂದು ನಿಮಗೆ ಹೇಳಿದ್ದೇನೆ. ಉದಾಹರಣೆಗೆ ಗಾಂಧೀಜಿ ದಕ್ಷಿಣ ಆಫ್ರಿಕದ ರೈಲಿನಿಂದ ಹೊರದೂಡಲ್ಪಟ್ಟ ಕಥೆ ಹೇಳಿದ್ದೇನೆ, ಅಮೆರಿಕದ ಕಪ್ಪು ಜನರ ಕಥೆ ಹೇಳಿದ್ದೇನೆ. ನಮ್ಮೂರಿನ ಬಸ್ಸು ನಿಲ್ಲುವಲ್ಲಿದ್ದ ಹೋಟೆಲಿನ ಗ್ಲಾಸಿನ ಕಥೆಯನ್ನು ಒಂದು ದಿನವೂ ಹೇಳಲಿಲ್ಲ. ನನ್ನ ಎದುರಿನ ಬೆಂಚುಗಳಲ್ಲಿ ಕುಳಿತವರಲ್ಲಿ ಒಳಕೋಣೆಯವರ ಮಕ್ಕಳಿದ್ದರು, ಬೆಂಚಿನವರ ಮಕ್ಕಳಿದ್ದರು, ಅಂಗಳದವರ ಮಕ್ಕಳೂ ಇದ್ದರು. ಯಾರಿಗೂ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ಆಗ ತಿಳಿದಿದ್ದೆ. ಈಗ ನೋಡಿದರೆ ನಾನು ಕಾಪಾಡಿದ್ದು ಅಂಗಳದವರ ಮಕ್ಕಳನ್ನಲ್ಲ, ನನ್ನನ್ನು.

ಹೋಟೆಲಿನ ಆ ಮೂರು ಜಾಗಗಳು ಒಂದು ದಿನ ಘೋಷಣೆ ಮಾಡಿ ಹೋದವಲ್ಲ. ನಿಧಾನವಾಗಿ ಸವೆದವು. 1974ರ ಮಾರ್ಚ್ 1ರಿಂದ ಭೂಸುಧಾರಣೆ ಜಾರಿಗೆ ಬಂದು ಗೇಣಿಯ ಜಮೀನು ಒಕ್ಕಲಿನವರದಾಯಿತು. ಅದೇ ವರ್ಷ ನೇತ್ರಾವತಿ ಮತ್ತೊಮ್ಮೆ ಉಕ್ಕಿ ಹರಿದಿತ್ತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಎಷ್ಟೋ ಮನೆಗಳ ಹುಡುಗರು ಪರವೂರಿನ ಹೋಟೆಲುಗಳಿಗೆ ಹೊರಟರು. ಅಲ್ಲಿ ಬಂದವರ ಜಾತಿ ಕೇಳುತ್ತಾ ಕುಳಿತರೆ ವ್ಯಾಪಾರ ನಡೆಯುತ್ತಿರಲಿಲ್ಲ. ನಗರದಲ್ಲಿ ಎಂದೋ ತೆರೆದಿದ್ದ ಬಾಗಿಲು ನಮ್ಮೂರಿನಲ್ಲಿ ತೆರೆಯಲು ತಡವಾಯಿತು. ಇಲ್ಲಿ ಎಲ್ಲರ ಜಾತಿ ಎಲ್ಲರಿಗೂ ಗೊತ್ತಿತ್ತಲ್ಲ! ನಮ್ಮ ಮನೆಗೆ ಆ ಭೂಸುಧಾರಣೆಯಿಂದ ಎರಡು ಎಕರೆ ಬಂತು. ಅದರ ಅಡಿಕೆಯಿಂದಲೇ ನಾನು ಬಿ.ಎಡ್. ಓದಿದೆ. ನನ್ನ ಸಹಪಾಠಿಯ ಮನೆಯವರು ಗೇಣಿಯವರಲ್ಲ, ಕೂಲಿಯವರು. ಅವರಿಗೆ ಸಿಕ್ಕಿದ್ದು ಮನೆಯಡಿಯ ಜಾಗ ಮಾತ್ರ. ಲೆಕ್ಕದಲ್ಲಿ ನನ್ನನ್ನು ಮೀರಿಸುತ್ತಿದ್ದ ಹುಡುಗ ಏಳನೆಯ ತರಗತಿಗೆ ಶಾಲೆ ಬಿಟ್ಟು ಕೆಲಸಕ್ಕೆ ಹೋದ. ಅವನ ಮಗ ಓದಿದ, ನನ್ನ ತರಗತಿಯಲ್ಲಿಯೇ ಓದಿದ, ಕಡಲು ದಾಟಿದ.

ದುಬೈಯಿಂದ ಮರಳಿದ ಮೇಲೆ ನಾನು ಆ ಸಹಪಾಠಿಯ ಮನೆಗೆ ಹೋದೆ. ಜೊತೆಯಲ್ಲಿ ಓದಿದವರಾದರೂ ಅವರು ನನ್ನನ್ನು ಕರೆಯುವುದು 'ಮಾಷ್ಟ್ರೇ' ಎಂದೇ. ಮಗ ಕಟ್ಟಿಸಿದ ತಾರಸಿ ಮನೆಯ ಜಗಲಿಯಲ್ಲಿ ಕುಳಿತು ಚಾ ಕುಡಿದೆವು. ಹೀಗೊಂದು ಲೇಖನ ಬರೆಯಬೇಕೆಂದಿದ್ದೇನೆ, ನಿಮ್ಮ ಒಪ್ಪಿಗೆ ಬೇಕು ಎಂದು ತುಳುವಿನಲ್ಲಿ ಕೇಳಿದೆ. ತಟ್ಟಿಯ ಸಂದಿನ ಗ್ಲಾಸಿನ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ನಾನು ಹೇಳಿದ್ದನ್ನು ತಿದ್ದಿದರು.

"ಮಾಷ್ಟ್ರೇ, ಗ್ಲಾಸು ಬಂದದ್ದು ಆಮೇಲೆ. ನಾನು ಸಣ್ಣವನಿದ್ದಾಗ ಗೆರಟೆ. ಗ್ಲಾಸು ಬಂದ ದಿನ ಅಪ್ಪ ಖುಷಿಯಲ್ಲಿ ಮನೆಗೆ ಬಂದು ಅಮ್ಮನಿಗೆ ಹೇಳಿದ್ದರು. ನನಗೆ ಬೇಸರವಾದದ್ದು ಗ್ಲಾಸಿನಿಂದ ಅಲ್ಲ. ದುಡ್ಡನ್ನು ಕೈಗೆ ಕೊಡುವ ಹಾಗಿರಲಿಲ್ಲ, ಮೆಟ್ಟಿಲ ಮೇಲೆ ಇಡಬೇಕಿತ್ತು. ಮಾಣಿ ಅದಕ್ಕೆ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದ. ಆ ಮಾಣಿಗೂ ನನ್ನದೇ ಪ್ರಾಯ."

ಬೆಂಚಿನಿಂದ ಮೆಟ್ಟಿಲು ಕಾಣುತ್ತಿರಲಿಲ್ಲ. ಅಷ್ಟು ವರ್ಷ ಅಲ್ಲಿ ಕುಳಿತಿದ್ದರೂ ನೀರು ಚಿಮುಕಿಸಿದ ನಾಣ್ಯವನ್ನು ನಾನು ನೋಡಿರಲಿಲ್ಲ. "ದುಡ್ಡಿಗೆ ಮೈಲಿಗೆಯಿಲ್ಲ" ಎಂದ ನನ್ನ ಅಪ್ಪನೂ ನೋಡಿರಲಿಲ್ಲ.

"ಬರೆಯಿರಿ. ಹೆಸರು ಬೇಡ" ಎಂದರು ಅವರು.

ಆ ಹಳೆಯ ಹೋಟೆಲು ಇಂದಿಲ್ಲ. ಅಲ್ಲಿಂದ ಸ್ವಲ್ಪ ದೂರದ ಹೋಟೆಲೊಂದಕ್ಕೆ ನಾವಿಬ್ಬರೂ ಹೋದೆವು. ಅವರು ಬಾಗಿಲ ಪಕ್ಕದ ಮೇಜಿಗೇ ಹೋದರು. ನಾನೂ ಅಲ್ಲಿಯೇ ಕುಳಿತೆ. ಬನ್ಸು ಬಂತು, ಚಾ ಬಂತು. ಗಾಳಿ ಬರುತ್ತಿರಲಿಲ್ಲ.

ನನ್ನ ವಿದ್ಯಾರ್ಥಿಗಳೇ, ನಾನು ಕಲಿಸದೆ ಬಿಟ್ಟ ಪಾಠ ಇದು. ನಿಮ್ಮ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಅವರು ಆ ಹೋಟೆಲಿನಲ್ಲಿ ಎಲ್ಲಿ ಕೂರುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿ. ಉತ್ತರವನ್ನು ಬರೆದಿಡಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ, ನನ್ನ ಸಹಪಾಠಿ ತಿದ್ದಿದಂತೆ, ನೀವೂ ತಿದ್ದಿ.